ಸಾವಯವ ರಸಾಯನದ ಮೊದಲ ಪುಸ್ತಕ

ರಸಾಯನ ವಿಜ್ಞಾನವನ್ನು ಉತ್ಸಾಹದಿಂದಲೇ ಓದತೊಡಗಿದ ವಿದ್ಯಾರ್ಥಿಗಳು ‘ಸಾವಯವ’ ಎಂಬ ಭಾಗಕ್ಕೆ ಬಂದೊಡನೆ ಹಿಂಜರಿಯುವುದನ್ನು ನಮ್ಮ ಕಾಲೇಜುಗಳ ಅಧ್ಯಾಪಕರೆಲ್ಲರೂ ಕಂಡಿದ್ದಾರೆ. ಲೋಹ, ಲವಣ, ಆಮ್ಲಗಳ ಪಾಠದಲ್ಲಿ ಚುರುಕಾಗಿದ್ದವರು ಮೀಥೇನ್, ಈಥೇನ್, ಪ್ರೊಪೇನ್ ಎಂಬ ಹೆಸರುಗಳ ಸಾಲು ಮೊದಲಾಗುತ್ತಲೇ ತಿಳಿವಳಿಕೆಯ ಆಸೆಯನ್ನು ಬಿಟ್ಟು ಬಾಯಿಪಾಠಕ್ಕೆ ಶರಣಾಗುತ್ತಾರೆ. ಕಾರಣವೇನೆಂದರೆ ವಿಷಯವೇ ಕಠಿನವೆಂದು ಕೆಲವರು, ಹುಡುಗರ ಇಂಗ್ಲಿಷ್ ಸಾಲದೆಂದು ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ದೋಷದ ದೊಡ್ಡ ಪಾಲು ಅವರ ಕೈಗೆ ಬರುವ ಮೊದಲ ಪುಸ್ತಕದ ಗದ್ಯಕ್ಕೆ ಸೇರಿದ್ದೆಂದು ನಮ್ಮ ಅಭಿಪ್ರಾಯ. ಗದ್ಯದ ಪ್ರಶ್ನೆಯಾದುದರಿಂದಲೇ ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಅದನ್ನು ಎತ್ತಿಕೊಂಡಿದ್ದೇವೆ. ಕಥೆ ಕವನಗಳ ವಿಮರ್ಶೆಗೆ ನಾವು ತೋರುವ ಎಚ್ಚರದಲ್ಲಿ ಕಾಲುಭಾಗವನ್ನಾದರೂ ಪಠ್ಯಪುಸ್ತಕಗಳ ಭಾಷೆಗೆ ತೋರಿದ್ದರೆ ಕನ್ನಡ ಗದ್ಯ ಇಷ್ಟುಹೊತ್ತಿಗೆ ಬೇರೊಂದು ಹದಕ್ಕೆ ಬರುತ್ತಿತ್ತು.

ಬಾಯಿಪಾಠದಿಂದ ಈ ಶಾಸ್ತ್ರ ವಶವಾಗದೆಂಬುದಕ್ಕೆ ಲೆಕ್ಕವೇ ಸಾಕ್ಷಿ. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳುಂಟೆಂದು ಭಾವಿಸೋಣ. ಅದು ತನ್ನ ಜಾತಿಯ ಪರಮಾಣುಗಳನ್ನೇ ಹಿಡಿದು ಸರಪಳಿಯಾಗಬಲ್ಲದು, ಕವಲೊಡೆಯಬಲ್ಲದು, ಉಂಗುರವಾಗಬಲ್ಲದು. ಹತ್ತು ಇಂಗಾಲ, ಇಪ್ಪತ್ತೆರಡು ಜಲಜನಕ ಪರಮಾಣುಗಳನ್ನು ಒಂದೇ ಅಣುವಿನಲ್ಲಿ ೭೫ ಬಗೆಯಾಗಿ ಜೋಡಿಸಬಹುದು. ಇಂಗಾಲದ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದರೆ ಜೋಡಣೆಗಳು ೩,೬೬,೩೧೯ ಆಗುತ್ತವೆ. ಇವಿಷ್ಟೂ ಎರಡೇ ಧಾತುಗಳ ಆಟ. ಇದರೊಳಕ್ಕೆ ಆಮ್ಲಜನಕ, ಸಾರಜನಕಗಳು ಬಂದು ಸೇರಿದರೆ ಯಾವ ಏಕಸಂಧಿಗ್ರಾಹಿಯ ನೆನಪೂ ಸಾಲದು.

ಜೋಡಣೆ ಬದಲಾದರೆ ವಸ್ತು ಬದಲಾಗುತ್ತದೆ ಎಂಬುದೇ ಇಲ್ಲಿಯ ಮೊದಲ ಪಾಠ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ: ಇವಿಷ್ಟನ್ನು ಒಂದು ಕ್ರಮದಲ್ಲಿ ಹೊಂದಿಸಿದರೆ ೭೮ ಡಿಗ್ರಿ ಶಾಖದಲ್ಲಿ ಕುದಿಯುವ ಮದ್ಯಸಾರ. ಆಮ್ಲಜನಕವನ್ನು ಎರಡು ಇಂಗಾಲಗಳ ನಡುವೆ ಇಟ್ಟರೆ ಸೊನ್ನೆಗಿಂತ ೨೪ ಡಿಗ್ರಿ ಕೆಳಗೇ ಕುದಿದುಬಿಡುವ, ನಮ್ಮ ಕೋಣೆಯ ಹವೆಯಲ್ಲಿ ಅನಿಲವಾಗಿಯೇ ಇರುವ ಡೈಮೀಥೈಲ್ ಈಥರ್. ಇಂಥ ಜೋಡಿಗಳಿಗೆ ಸಮಾಂಗಿಗಳೆಂದು ಹೆಸರು. ‘ರಸ’ ‘ಸರ’ಗಳಲ್ಲಿ ಅಕ್ಷರಗಳು ಅವೇ, ಆದರೆ ಸರವನ್ನು ಹಿಂಡಿದರೆ ರಸ ಬಾರದು. ಕನ್ನಡ ಬಲ್ಲ ಮಗುವಿಗೆ ಇಷ್ಟು ಹೇಳಿದರೆ ಸಾಕಲ್ಲವೇ? ಆದರೂ ಅನೇಕ ಪುಸ್ತಕಗಳಲ್ಲಿ ಸಮಾಂಗಿಯ ಲಕ್ಷಣವನ್ನು ಮೂರು ಸಾಲಿನ ಸಮಾಸದಲ್ಲಿ ಹೇಳಿ, ಕೆಳಗೆ ಎರಡು ಚಿತ್ರಗಳನ್ನು ಅಂಟಿಸಿ, ಮುಂದಿನ ಶೀರ್ಷಿಕೆಗೆ ದಾಟಿಬಿಡುತ್ತಾರೆ.

ಈ ಶಾಸ್ತ್ರವನ್ನು ಕಟ್ಟಿದವರೂ ಮೊದಲು ದಾರಿಗಾಣದೆ ಅಲೆದವರೇ. ೧೮೨೮ರಲ್ಲಿ ಜರ್ಮನಿಯ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯವನ್ನು ಪಡೆದು, ಮೂತ್ರಪಿಂಡದ ನೆರವಿಲ್ಲದೆಯೇ ಜೀವಿಗಳ ವಸ್ತುವೊಂದನ್ನು ಗಾಜಿನ ಪಾತ್ರೆಯಲ್ಲಿ ಮಾಡಬಹುದೆಂದು ತೋರಿಸಿದನು. ಅದೇ ವೋಲರ್ ಏಳು ವರ್ಷಗಳ ತರುವಾಯ ಗುರು ಬರ್ಜೀಲಿಯಸನಿಗೆ ಕಾಗದ ಬರೆಯುತ್ತ, ಸಾವಯವ ರಸಾಯನವೆಂಬುದು ಹೊಕ್ಕವನಿಗೆ ಹೊರದಾರಿ ತೋರದ ಉಷ್ಣವಲಯದ ಅಡವಿಯಂತಿದೆ ಎಂಬರ್ಥದಲ್ಲಿ ಹೇಳಿಕೊಂಡಿದ್ದಾನೆ. ೧೮೬೧ರಲ್ಲಿ ಕೆಕುಲೆ ತನ್ನ ಪಠ್ಯಗ್ರಂಥದಲ್ಲಿ, ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ ಬೇರೆಬೇರೆ ವಿದ್ವಾಂಸರು ಬರೆಯುತ್ತಿದ್ದ ಹತ್ತೊಂಬತ್ತು ಸೂತ್ರಗಳನ್ನು ಪಟ್ಟಿಮಾಡಿ ತೋರಿಸಿದನು. ಒಂದೇ ಶಬ್ದವನ್ನು ಹತ್ತೊಂಬತ್ತು ಕಾಗುಣಿತದಲ್ಲಿ ಬರೆಯುವವರು ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುವುದೆಂತು?

ಈ ಗೊಂದಲವನ್ನು ನೀಗಿದ ಪುಸ್ತಕಗಳಲ್ಲಿ ಒಂದು ಬಂದದ್ದು ಪ್ಯಾರಿಸ್ಸಿನಿಂದಲೂ ಅಲ್ಲ, ಬರ್ಲಿನ್ನಿನಿಂದಲೂ ಅಲ್ಲ. ವೋಲ್ಗಾ ನದಿಯ ತೀರದ ಕಜಾನ್ ಪಟ್ಟಣದಿಂದ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ಬಟ್ಲೆರೋವ್, ಪ್ರತಿಯೊಂದು ಸಂಯುಕ್ತಕ್ಕೂ ಒಂದೇ ಒಂದು ರಚನೆ ಇರಬೇಕು, ಗುಣಗಳೆಲ್ಲ ಆ ರಚನೆಯಿಂದ ಹೊಮ್ಮಬೇಕು ಎಂಬ ತತ್ತ್ವವನ್ನು ಹಿಡಿದು, ೧೮೬೪ರಿಂದ ೧೮೬೬ರವರೆಗೆ ಭಾಗಭಾಗವಾಗಿ ಒಂದು ಪ್ರವೇಶಗ್ರಂಥವನ್ನು ಹೊರತಂದನು. ಕಾಗದದ ಮೇಲೆ ರಚನೆ ಬರೆದು ನೋಡಿದಾಗ ಇರಲೇಬೇಕೆಂದು ಕಂಡ ಮದ್ಯಸಾರವೊಂದನ್ನು ತಯಾರಿಸಿಯೂ ತೋರಿಸಿದನು. ಈ ಗ್ರಂಥವನ್ನು ಅವನು ಬರೆದದ್ದು ರಷ್ಯನ್ ಭಾಷೆಯಲ್ಲಿ. ಅಂದಿನ ಯುರೋಪಿನ ವಿದ್ವತ್ಸಭೆಗಳು ಜರ್ಮನ್, ಫ್ರೆಂಚ್, ಇಂಗ್ಲಿಷುಗಳಿಗೆ ಕೊಡುತ್ತಿದ್ದ ಮನ್ನಣೆಯನ್ನು ಆ ಭಾಷೆಗೆ ಕೊಡುತ್ತಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಆ ಪುಸ್ತಕವನ್ನು ಜರ್ಮನ್ನರು ತಮ್ಮ ಭಾಷೆಗೆ ತಂದುಕೊಂಡರು. ಇದಕ್ಕೂ ಮೊದಲು, ೧೮೬೧ರಲ್ಲಿಯೇ, ಇಪ್ಪತ್ತೇಳು ವರ್ಷದ ಮೆಂಡಲೀವ್ ರಷ್ಯನ್ನಿನಲ್ಲಿ ಸಾವಯವ ರಸಾಯನದ ಪಠ್ಯವೊಂದನ್ನು ಬರೆದು ಡೆಮಿಡೋವ್ ಬಹುಮಾನ ಪಡೆದಿದ್ದನು. ೧೮೬೯ರಲ್ಲಿ ಅವನಿಗೆ ಧಾತುಗಳ ಆವರ್ತನ ನಿಯಮ ಹೊಳೆದದ್ದೂ ವಿದ್ಯಾರ್ಥಿಗಳಿಗಾಗಿ ಮತ್ತೊಂದು ಪಠ್ಯಪುಸ್ತಕವನ್ನು ಬರೆಯುತ್ತಿದ್ದಾಗ. ತನ್ನ ನುಡಿಯಲ್ಲಿ ಮೊದಲ ತರಗತಿಗೆ ಪಾಠ ಬರೆಯುವುದು ಎರಡನೆಯ ದರ್ಜೆಯ ವಿದ್ವಾಂಸರ ಕೆಲಸವೆಂದು ತಿಳಿದವರು ಈ ಇಬ್ಬರನ್ನು ನೆನೆಯಬೇಕು.

ಇಷ್ಟಾದರೂ ಮುಂದಿನ ಎಂಬತ್ತು ತೊಂಬತ್ತು ವರ್ಷಗಳ ಪಠ್ಯಗಳು ಬಹುಮಟ್ಟಿಗೆ ನಿಘಂಟುಗಳಾಗಿಯೇ ಉಳಿದವು. ವಸ್ತುವಿನ ಹೆಸರು, ತಯಾರಿಕೆ, ಗುಣ, ಉಪಯೋಗ. ಮತ್ತೆ ಇನ್ನೊಂದು ವಸ್ತು. ಎಲ್ಲವೂ ನಾಮಪದಗಳು. ಯಾವುದು ಯಾವುದನ್ನು ಏಕೆ ಹಿಡಿಯುತ್ತದೆ, ಏಕೆ ಬಿಡುತ್ತದೆ ಎಂಬ ಕ್ರಿಯಾಪದ ಮಾತ್ರ ಕಾಣದು. ಇಂಗ್ಲೆಂಡಿನ ರಾಬಿನ್ಸನ್ ೧೯೨೨ರಲ್ಲಿ ಎಲೆಕ್ಟ್ರಾನುಗಳ ಚಲನೆಯನ್ನು ಬಾಗಿದ ಬಾಣದ ಗುರುತಿನಿಂದ ತೋರಿಸತೊಡಗಿದ ಮೇಲೆ ಈ ಭಾಷೆಗೆ ಕ್ರಿಯಾಪದ ದೊರೆಯಿತೆನ್ನಬಹುದು. ಅದು ಆರಂಭದ ವಿದ್ಯಾರ್ಥಿಯವರೆಗೆ ಇಳಿದುಬರಲು ಇನ್ನೂ ಮೂವತ್ತು ನಲವತ್ತು ವರ್ಷ ಹಿಡಿಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರಿಸನ್ ಮತ್ತು ಬಾಯ್ಡ್ ೧೯೫೯ರಲ್ಲಿ ಪ್ರಕಟಿಸಿದ ಪಠ್ಯ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಅಗ್ಗದ ಭಾರತೀಯ ಮುದ್ರಣದ ಮೂಲಕ ನಮ್ಮ ದೇಶದ ಕಾಲೇಜುಗಳಲ್ಲಿಯೂ ಅದು ಮನೆಮಾತಾಯಿತು. ಆ ಲೇಖಕರು ಆರಂಭದ ಅಧ್ಯಾಯಗಳಲ್ಲಿಯೇ ಅತ್ಯಂತ ಸಣ್ಣ ಅಣುವಾದ ಮೀಥೇನನ್ನು ಮುಂದಿಟ್ಟುಕೊಂಡು, ಅದರ ಮೇಲೆ ಕ್ಲೋರಿನ್ ನಡೆಸುವ ಒಂದೇ ಕ್ರಿಯೆಯನ್ನು ಪುಟಗಟ್ಟಲೆ ಆತುರವಿಲ್ಲದೆ ವಿವರಿಸುತ್ತಾರೆ.

ಆ ಕ್ರಿಯೆಯನ್ನು ಇಲ್ಲಿ ನಮ್ಮ ಮಾತಿನಲ್ಲಿ ಹೇಳಿನೋಡೋಣ. ಮೀಥೇನ್, ಕ್ಲೋರಿನ್ ಎರಡನ್ನೂ ಕತ್ತಲಲ್ಲಿ, ಸಾಧಾರಣ ಶಾಖದಲ್ಲಿ ಒಟ್ಟಿಗಿಟ್ಟರೆ ಏನೂ ನಡೆಯುವುದಿಲ್ಲ. ಬೆಳಕು ಬಿದ್ದೊಡನೆ ಕ್ಲೋರಿನ್ ಅಣುವೊಂದು ನಡುವೆ ಸೀಳಿ ಎರಡು ಪರಮಾಣುಗಳಾಗುತ್ತದೆ. ಪ್ರತಿಯೊಂದರಲ್ಲಿಯೂ ಜೊತೆಗಾರನಿಲ್ಲದ ಒಂಟಿ ಎಲೆಕ್ಟ್ರಾನು. ಆ ಒಂಟಿತನ ಅದನ್ನು ಸುಮ್ಮನಿರಗೊಡದು. ಎದುರಿಗೆ ಸಿಕ್ಕ ಮೀಥೇನಿನಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಈಗ ಕೈ ಬರಿದಾದದ್ದು ಮೀಥೇನಿನ ಉಳಿದ ಭಾಗ. ಅದು ಮತ್ತೊಂದು ಕ್ಲೋರಿನ್ ಅಣುವಿನ ಮೇಲೆ ಬಿದ್ದು ಅರ್ಧವನ್ನು ಸೆಳೆದುಕೊಂಡು ಮೀಥೈಲ್ ಕ್ಲೋರೈಡ್ ಆಗುತ್ತದೆ. ಉಳಿದರ್ಧ ಪುನಃ ಒಂಟಿ. ಹೀಗೆ ಒಂದು ಸೀಳು ಸಾವಿರಾರು ಅಣುಗಳವರೆಗೆ ಸರಪಳಿಯಾಗಿ ಸಾಗಿ, ಎರಡು ಒಂಟಿಗಳು ಎದುರಾಗಿ ಕೂಡಿಕೊಂಡಾಗ ನಿಲ್ಲುತ್ತದೆ. ಇದನ್ನೇ ಅನುವಾದದ ಗದ್ಯದಲ್ಲಿ ಹೇಳುವ ಬಗೆ ಹೀಗೆ: ‘ಸೂರ್ಯಪ್ರಕಾಶದ ಉಪಸ್ಥಿತಿಯಲ್ಲಿ ಮೀಥೇನಿನ ಜಲಜನಕವು ಕ್ಲೋರಿನ್ನಿನಿಂದ ಪಲ್ಲಟಗೊಳಿಸಲ್ಪಡುವಿಕೆಯು ಜರುಗಲ್ಪಡುತ್ತದೆ.’ ತಪ್ಪೇನೂ ಇಲ್ಲ. ಆದರೆ ಈ ವಾಕ್ಯದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಸೀಳು, ಕೀಳು, ಸೆಳೆ, ಕೂಡು, ಕಳಚು ಎಂಬ ಧಾತುಗಳನ್ನು ಹೊಟ್ಟೆತುಂಬ ಇಟ್ಟುಕೊಂಡಿರುವ ಭಾಷೆಗೆ ಈ ನಿಶ್ಚೇಷ್ಟತೆ ಏಕೆ?

ಒಳ್ಳೆಯ ಮೊದಲ ಪುಸ್ತಕ ನಿಘಂಟಲ್ಲ, ವ್ಯಾಕರಣ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಪದಗಳ ಪಟ್ಟಿಯಿಂದ ಆರಂಭಿಸಲಿಲ್ಲ, ಸಂಧಿಪ್ರಕರಣದಿಂದ ಆರಂಭಿಸಿದನು. ನಮ್ಮ ಶಾಲೆಯ ಮಕ್ಕಳೆಲ್ಲರೂ ಲೋಪ, ಆಗಮ, ಆದೇಶಗಳನ್ನು ಬಲ್ಲರು. ಊರು, ಅಲ್ಲಿ ಎಂಬವು ಕೂಡಿ ಊರಲ್ಲಿ ಎಂದಾಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮನೆಯನ್ನು ಎನ್ನುವಾಗ ಯಕಾರ ಬಂದು ಸೇರುತ್ತದೆ. ಮಳೆಗಾಲ ಎನ್ನುವಾಗ ಕಕಾರದ ಸ್ಥಾನದಲ್ಲಿ ಗಕಾರ ಕುಳಿತುಕೊಳ್ಳುತ್ತದೆ. ಸಾವಯವ ರಸಾಯನದ ಬಹುಪಾಲು ಕ್ರಿಯೆಗಳೂ ಈ ಮೂರೇ. ಮದ್ಯಸಾರದಿಂದ ನೀರು ಕಳಚಿ ಎಥಿಲೀನ್ ಆಗುವುದು ಲೋಪ. ಆ ಎಥಿಲೀನಿಗೆ ಬ್ರೋಮಿನ್ ಸೇರಿ ಬ್ರೋಮಿನ್ನಿನ ಕೆಂಬಣ್ಣ ಮಾಯವಾಗುವುದು ಆಗಮ. ಮೀಥೇನಿನ ಜಲಜನಕದ ಜಾಗದಲ್ಲಿ ಕ್ಲೋರಿನ್ ಕೂರುವುದು ಆದೇಶ. ಉಪಮಾನಕ್ಕೆ ಮಿತಿಯುಂಟು. ವ್ಯಾಕರಣದಲ್ಲಿ ಆಗಮದ ಯಕಾರ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಲೋಪವಾದ ಉಕಾರ ಎಲ್ಲಿ ಹೋಯಿತೆಂದೂ ಕೇಳುವುದಿಲ್ಲ, ರಸಾಯನದಲ್ಲಿ ಕೇಳಲೇಬೇಕು. ಒಂದು ಪರಮಾಣುವೂ ಹುಟ್ಟುವುದಿಲ್ಲ, ಸಾಯುವುದಿಲ್ಲ. ಕಳಚಿದ ನೀರಿಗೂ ಲೆಕ್ಕ ಒಪ್ಪಿಸಬೇಕು. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂಬ ಎರಡನ್ನೂ ಹೇಳುವ ಪುಸ್ತಕ ವಿದ್ಯಾರ್ಥಿಗೆ ದಿಕ್ಕು ತೋರುತ್ತದೆ. ಪರಿಚಿತವಾದ ಮೂರು ಶಬ್ದಗಳು ಹೀಗೆ ನಮ್ಮ ಕೈಯಲ್ಲಿಯೇ ಇರುವಾಗ ವಿಲೋಪನ, ಸಂಕಲನ, ಪ್ರತಿಸ್ಥಾಪನಗಳ ಭಾರವನ್ನು ಮೊದಲ ದಿನವೇ ಮಕ್ಕಳ ಮೇಲೆ ಹೇರಬೇಕಾಗಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಪ್ರಸಂಗವನ್ನು ಹೇಳಬೇಕು. ಮೈಸೂರಿನ ಶ್ರೀಗಂಧ ಮೊದಲು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. ೧೯೧೪ರ ಮಹಾಯುದ್ಧದಿಂದ ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದ ಎಣ್ಣೆಯನ್ನು ಬಟ್ಟಿಯಿಳಿಸಿ ತೋರಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿ, ೧೯೧೭ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಗಳು ನಿಂತವು. ಈ ಸಡ್‌ಬರೋ ಯಾರು? ಜರ್ಮನಿಯ ಬರ್ನ್‌ಟ್ಸೆನ್ ೧೮೮೭ರಲ್ಲಿ ಬರೆದ ಸಾವಯವ ರಸಾಯನದ ಪಠ್ಯಪುಸ್ತಕದ ಇಂಗ್ಲಿಷ್ ಅವತರಣಿಕೆಯನ್ನು ಪರಿಷ್ಕರಿಸಿ ಹಲವು ಪೀಳಿಗೆಯ ವಿದ್ಯಾರ್ಥಿಗಳಿಗೆ ಒದಗಿಸಿದಾತ. ಅಂದರೆ, ಈ ಶಾಸ್ತ್ರದ ಪ್ರಸಿದ್ಧ ಪಠ್ಯವೊಂದರ ಪರಿಷ್ಕಾರಕನು ನಮ್ಮ ನಗರದಲ್ಲಿಯೇ ನೆಲೆಸಿ, ನಮ್ಮ ಮರದ ಎಣ್ಣೆಯನ್ನೇ ಶೋಧಿಸುತ್ತಿದ್ದನು. ಅದೇ ಬೆಂಗಳೂರಿನಲ್ಲಿ ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ಆರಂಭಿಸಿದರು. ಎರಡು ಕೆಲಸಗಳ ನಡುವೆ ಇದ್ದದ್ದು ಎರಡೇ ವರ್ಷದ ಅಂತರ, ಕೆಲವೇ ಮೈಲಿಗಳ ದೂರ. ‘ವಿಜ್ಞಾನ’ ಬಹುಕಾಲ ಬಾಳಲಿಲ್ಲ. ಗಂಧದೆಣ್ಣೆಯ ಪರಿಮಳಕ್ಕೆ ಕಾರಣವಾದ ಸ್ಯಾಂಟಲಾಲಿನಲ್ಲಿ ಹದಿನೈದು ಇಂಗಾಲ, ಇಪ್ಪತ್ತನಾಲ್ಕು ಜಲಜನಕ, ಒಂದು ಆಮ್ಲಜನಕವಿದೆ ಎಂಬುದನ್ನು ಕನ್ನಡದ ವಿದ್ಯಾರ್ಥಿ ಇಂದಿಗೂ ಇಂಗ್ಲಿಷ್ ಪುಸ್ತಕದಿಂದಲೇ ತಿಳಿಯಬೇಕಾಗಿದೆ.

ಕನ್ನಡ ಗದ್ಯಕ್ಕೆ ಶಕ್ತಿಯಿಲ್ಲವೆಂದು ಮಾತ್ರ ಯಾರೂ ಹೇಳುವಂತಿಲ್ಲ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮ ಕಣ್ಣೆದುರಿಗಿವೆ. ರಸಾಯನ ವಿಜ್ಞಾನದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯಲ್ಲಿ ಎಷ್ಟು ತಿಳಿಯಾಗಿ ಬರೆದರೆಂಬುದನ್ನು ಓದಿದವರು ಮರೆಯರು. ಆದರೆ ಇವು ವಿಜ್ಞಾನದ ಕಡೆಗೆ ಮನಸ್ಸನ್ನು ಸೆಳೆಯುವ ಕೃತಿಗಳು. ಪೆನ್ಸಿಲ್ ಹಿಡಿದು, ಸೂತ್ರ ಬರೆದು, ತಪ್ಪಿ, ಅಳಿಸಿ, ಮತ್ತೆ ಬರೆಯಿಸುವ ಪಠ್ಯಪುಸ್ತಕದ ಗದ್ಯ ಬೇರೆ ಬಗೆಯದು. ಅದರ ಅಭ್ಯಾಸ ನಮಗೆ ಕಡಿಮೆಯಾಗಿದೆ.

ಇದರ ಪೆಟ್ಟು ಬೀಳುವುದು ಯಾರ ಮೇಲೆ? ಇಂದು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದುವ ಮಕ್ಕಳು ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಎಂಬ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಮುಗಿಸಿ, ಪದವಿಪೂರ್ವ ತರಗತಿಗೆ ಕಾಲಿಟ್ಟೊಡನೆ ಅದೇ ವಿಷಯದ ಮುಂದಿನ ಭಾಗವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಅಣುಗಳ ಭಾಷೆಯೂ ಹೊಸತು, ಅದನ್ನು ಹೇಳುವ ಭಾಷೆಯೂ ಹೊಸತು. ಒಂದೇ ಸಲಕ್ಕೆ ಎರಡು ಹೊಳೆಗಳನ್ನು ಈಜಬೇಕು. ತಾಯ್ತಂದೆಯರು ಮನೆಪಾಠಕ್ಕೆ ಹಣ ತೆರಬಲ್ಲ ಮನೆಗಳಲ್ಲಿ ದೋಣಿ ದೊರೆಯುತ್ತದೆ. ಉಳಿದವರಲ್ಲಿ ಎಷ್ಟೋ ಮಂದಿ ವಿಜ್ಞಾನವನ್ನೇ ಬಿಟ್ಟು, ತಮಗೆ ಬುದ್ಧಿ ಸಾಲದೆಂದು ನಂಬಿಕೊಂಡು ಹೋಗುತ್ತಾರೆ. ಬುದ್ಧಿಗೇನೂ ಕೊರತೆಯಿರಲಿಲ್ಲವೆಂದು ಅವರಿಗೆ ಹೇಳುವವರಾರು?

ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಕನ್ನಡ ಪುಸ್ತಕವೇಕೆ ಎಂದು ವ್ಯವಹಾರಜ್ಞರು ಕೇಳುತ್ತಾರೆ. ಉತ್ತರವನ್ನು ಯಾವ ಭಾಷೆಯಲ್ಲಿಯಾದರೂ ಬರೆಯಲಿ. ತಿಳಿಯುವುದು ಮೊದಲು ನಡೆಯಬೇಕಲ್ಲವೇ? ಇಂಗ್ಲಿಷ್ ಪಠ್ಯದ ಬದಲಿಗಲ್ಲ, ಅದರ ಪಕ್ಕದಲ್ಲಿ ಇಟ್ಟುಕೊಂಡು ಓದುವ ಪುಸ್ತಕವನ್ನು ನಾವು ಕೇಳುತ್ತಿರುವುದು. ೧೯೭೦ರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಕಾಲೇಜು ಮಟ್ಟದ ವಿಜ್ಞಾನ ಪಠ್ಯಗಳನ್ನು ಕನ್ನಡದಲ್ಲಿ ಪ್ರಕಟಿಸಿದ್ದುಂಟು. ಆ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಇಂಥ ಪ್ರಯತ್ನಗಳಲ್ಲಿ ಪರಿಭಾಷೆಯ ಚರ್ಚೆಗೆ ಸಂದ ಕಾಲ ವಾಕ್ಯರಚನೆಗೆ ಸಲ್ಲುವುದಿಲ್ಲವೆಂಬುದು ಹಳೆಯ ಕೊರತೆ.

ಪರಿಭಾಷೆಯ ವಿಷಯದಲ್ಲಿ ನಮಗೆ ಹಟವಿಲ್ಲ. ‘ಆಮ್ಲಜನಕ’ವೆಂಬ ಹೆಸರು ಲವಾಸಿಯೇಯ ತಪ್ಪೊಂದರ ಭಾಷಾಂತರ. ಆಮ್ಲಗಳಿಗೆಲ್ಲ ಅದೇ ಮೂಲವೆಂದು ಅವನು ನಂಬಿದ್ದನು. ಉಪ್ಪಿನಿಂದ ಪಡೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಲೇಶವೂ ಇಲ್ಲವೆಂದು ಡೇವಿ ೧೮೧೦ರಲ್ಲಿ ತೋರಿಸಿದನು; ತಪ್ಪು ಹೋಯಿತು, ಹೆಸರು ಉಳಿಯಿತು. ‘ಸಾವಯವ’ವೂ ಅಂಥದೇ. ಅವಯವಗಳುಳ್ಳ ಜೀವಿಗಳಿಂದ ಮಾತ್ರ ಈ ವಸ್ತುಗಳು ದೊರೆಯುತ್ತವೆಂಬ ಹಳೆಯ ನಂಬಿಕೆಯ ಶೇಷ ಅದು. ‘ಇಂಗಾಲ’ದ ಮಾತು ಬೇರೆ. ಸಂಸ್ಕೃತದ ಅಂಗಾರ ಪ್ರಾಕೃತದ ಹಾದಿಯಲ್ಲಿ ಬಂದು ನಮ್ಮ ಇಂಗಳವಾಯಿತು. ಒಲೆಯಲ್ಲಿ ಕೆಂಡವಾಗಿದ್ದದ್ದು ಪುಸ್ತಕದಲ್ಲಿ ಧಾತುವಾಯಿತು. ಅದನ್ನು ಬಿಟ್ಟು ‘ಕಾರ್ಬನ್’ ಎಂದು ಅಚ್ಚುಹಾಕಿದ್ದು ನಮಗೆ ಅಷ್ಟಾಗಿ ರುಚಿಸಿಲ್ಲ. ಆದರೂ ಹೆಸರುಗಳನ್ನು ಹೊರಗಿನಿಂದ ತರಬಹುದು. ಮೀಥೈಲ್, ಈಥೈಲ್, ಬೆನ್ಜೀನುಗಳು ಹಾಗೆಯೇ ಬರಲಿ. ಕ್ರಿಯಾಪದಗಳು ಕನ್ನಡದವೇ ಆಗಿರಬೇಕು. ಅಲ್ಲಿ ರಾಜಿ ಸಲ್ಲದು.

ಬೆನ್ಜೀನಿನ ಹೆಸರು ಬಂತಾದ್ದರಿಂದ ಒಂದು ಮಾತು. ತನ್ನ ಬಾಲವನ್ನೇ ಕಚ್ಚಿಕೊಂಡ ಹಾವನ್ನು ಕೆಕುಲೆ ಅರೆನಿದ್ದೆಯಲ್ಲಿ ಕಂಡ ಕಥೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮಂಥ ಸಾಹಿತ್ಯದವರಿಗಂತೂ ಅದು ಬಲುಪ್ರಿಯ. ಉಂಗುರದ ರಚನೆಯನ್ನು ಅವನು ಪ್ರಕಟಿಸಿದ್ದು ೧೮೬೫ರಲ್ಲಿ, ಕಥೆ ಹೇಳಿದ್ದು ೧೮೯೦ರಲ್ಲಿ. ಬೆನ್ಜೀನಿನ ಆರು ಜಲಜನಕಗಳಲ್ಲಿ ಯಾವುದೊಂದನ್ನು ಬದಲಿಸಿದರೂ ದೊರೆಯುವುದು ಒಂದೇ ವಸ್ತು. ಆದ್ದರಿಂದ ಆರೂ ಸ್ಥಾನಗಳು ಸಮಾನ. ಆದ್ದರಿಂದ ಅದು ತುದಿಗಳುಳ್ಳ ಸರಪಳಿಯಾಗಲಾರದು ಎಂಬ ತರ್ಕ ಹಾವಿಗಿಂತ ಹೆಚ್ಚು ಸುಂದರವಾದುದು. ಮೊದಲ ಪುಸ್ತಕದಲ್ಲಿ ಅದಕ್ಕೆ ಎರಡು ಪುಟವನ್ನಾದರೂ ಕೊಡಬೇಕು.

ಬರೆಯತಕ್ಕವರು ರಸಾಯನದ ಅಧ್ಯಾಪಕರೇ. ಪಕ್ಕದಲ್ಲಿ ಒಬ್ಬ ಕನ್ನಡ ಅಧ್ಯಾಪಕನಿದ್ದು, ಅರ್ಥವಾಗದ ಕಡೆಯಲ್ಲೆಲ್ಲ ಲೇಖನಿಯನ್ನು ತಡೆದು ನಿಲ್ಲಿಸಬೇಕು. ಉದಾಹರಣೆಗಳಿಗೆ ದೂರ ಹೋಗಬೇಕಾಗಿಲ್ಲ. ಲ್ಯಾಟಿನ್ನಿನಲ್ಲಿ ಇರುವೆಯ ಹೆಸರಿನಿಂದ ಬಂದ ಫಾರ್ಮಿಕ್ ಆಮ್ಲವನ್ನು ಮಲೆನಾಡಿನವರು ಚಗಳಿ ಇರುವೆಯ ಚಟ್ನಿಯಲ್ಲಿ ಸವಿದಿದ್ದಾರೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ೧೯೨೩ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಲಿಗಾಗಿ ಮರವನ್ನು ಬಟ್ಟಿಗೆ ಹಾಕಿದಾಗ ಅದರೊಡನೆ ಇಳಿದುಬರುತ್ತಿದ್ದದ್ದು ಮೀಥೈಲ್ ಮದ್ಯಸಾರ. ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಎಡಬಲವಾದ ಕಾರ್ವೋನ್ ಅಣುಗಳಲ್ಲಿ ಒಂದಕ್ಕೆ ಪುದೀನದ ಒಂದು ಜಾತಿಯ ಪರಿಮಳ, ಇನ್ನೊಂದು ಸಬ್ಬಸಿಗೆ ಬೀಜದ ಎಣ್ಣೆಯಲ್ಲಿರುವುದು. ಮೂಗು ಮೂಸಿ ಹೇಳುವ ಈ ಭೇದವನ್ನು ಚಪ್ಪಟೆಯಾದ ಸೂತ್ರ ತೋರಿಸಲಾರದು, ಆದ್ದರಿಂದ ಅಲ್ಲಿಂದ ಮುಂದೆ ಕಡ್ಡಿ ಮತ್ತು ಜೇಡಿಮಣ್ಣಿನ ಉಂಡೆಗಳಿಂದ ಮಾದರಿ ಕಟ್ಟಿಸಬೇಕು. ಮುನ್ನೂರು ಪುಟ ಸಾಕು. ಪ್ರತಿ ಅಧ್ಯಾಯದ ಕೊನೆಗೆ ಉತ್ತರವನ್ನು ಪದಗಳಲ್ಲಿ ವಿವರಿಸಿ ಬರೆಯುವಂಥ ಹತ್ತು ಪ್ರಶ್ನೆಗಳಿರಲಿ. ಬೆನ್ನಿನಲ್ಲಿ ಒಂದು ಪದಕೋಶವಿದ್ದು, ಅದರಲ್ಲಿ ಇಂಗ್ಲಿಷ್ ಹೆಸರಿನ ಎದುರಿಗೆ ಕನ್ನಡದ ಹೆಸರನ್ನೂ, ಅದು ಮೊದಲು ಬಂದ ಪುಟದ ಸಂಖ್ಯೆಯನ್ನೂ ಅಚ್ಚುಮಾಡಿರಬೇಕು.